ಬಾಗಲಕೋಟೆಯಿಂದ ಕಾರ್ಡಿನ ಪಾಯಿಂಟ್ ಮೇಲೆ ಪ್ರಯಾಣ: ನಾನು ಹಾಕುವ ಲೆಕ್ಕ

ಯಾವ ಕ್ರೆಡಿಟ್ ಕಾರ್ಡ್ ತಗೋಬೇಕು ಅನ್ನುವಲ್ಲಿಂದ ಶುರು ಮಾಡಿದವರಿಗೆ ಖರ್ಚಿನ ಮೇಲೆ ಸಿಗುವ ಪಾಯಿಂಟುಗಳು ಬಹಳಷ್ಟು ಸಲ ಮಿಕ್ಸರ್ ಆಗಿಯೋ ಗಿಫ್ಟ್ ವೋಚರ್ ಆಗಿಯೋ ಮುಗಿಯುತ್ತವೆ. ನಾನು ಉಲ್ಟಾ ಕಡೆಯಿಂದ ಬರುತ್ತೇನೆ. ಮುಂದಿನ ಒಂದು ವರ್ಷದಲ್ಲಿ ಬಾಗಲಕೋಟೆಯಿಂದ ಎಲ್ಲೆಲ್ಲಿಗೆ ಹೋಗುವುದಿದೆ, ಆ ದಾರಿಗೆ ಯಾವ ಗಾಡಿ, ಯಾವ ವಿಮಾನ ಸಿಗುತ್ತದೆ ಎಂದು ಮೊದಲು ಹಾಳೆಯ ಮೇಲೆ ಬರೆಯುತ್ತೇನೆ. ಕಾರ್ಡಿನ ಮಾತು ಆಮೇಲೆ.

ಬೆಂಗಳೂರಿನವರಿಗೆ ಹೇಳಿದ ಸಲಹೆ ನಮಗೆ ಹೊಂದುವುದಿಲ್ಲ. ಇಲ್ಲಿಂದ ಹುಬ್ಬಳ್ಳಿ ಏರ್‌ಪೋರ್ಟ್ ಸುಮಾರು 120 ಕಿ.ಮೀ., ಬೆಳಗಾವಿಯ ಸಾಂಬ್ರಾ ಅದಕ್ಕಿಂತ ದೂರ. ವಿಜಯಪುರದವರಿಗೆ ಎರಡೂ ಇನ್ನಷ್ಟು ದೂರ. ಹುಬ್ಬಳ್ಳಿ, ಬೆಳಗಾವಿ ಎರಡೂ ಕಡೆಯಿಂದ ಬೆಂಗಳೂರಿಗೆ ಇಂಡಿಗೋ ಇದೆ, ಬೆಳಗಾವಿಯಲ್ಲಿ ಸ್ಟಾರ್ ಏರ್ ಕೂಡ ಇದೆ. ಏರ್ ಇಂಡಿಯಾದ ಪಾಯಿಂಟ್ ಕೂಡಿಹಾಕಿದರೆ ಅದನ್ನು ಬಳಸಲು ಗೋವಾ, ಬೆಂಗಳೂರು ಇಲ್ಲವೇ ಹೈದರಾಬಾದ್ ಮುಟ್ಟಬೇಕು. ಹಾಗಾಗಿ 'ಫುಕಟ್' ಟಿಕೆಟ್ಟಿನ ಎದುರಿಗೆ ಅಲ್ಲಿಯವರೆಗಿನ ಬಸ್ ಚಾರ್ಜು, ಟ್ಯಾಕ್ಸಿ, ಬೆಳಗಿನ ವಿಮಾನವಾದರೆ ಹಿಂದಿನ ರಾತ್ರಿಯ ಲಾಡ್ಜ್ ಎಲ್ಲವನ್ನೂ ಬರೆಯುತ್ತೇನೆ. ಇದನ್ನು ಬರೆದ ಮೇಲೂ ಉಳಿತಾಯ ಕಂಡರೆ ಮಾತ್ರ ಆ ಪಾಯಿಂಟಿನ ಹಿಂದೆ ಬೀಳುವುದು. ಬೆಳಗಾವಿಯವರ ಲೆಕ್ಕ ಬೇರೆ. ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ಲಿಂದ ದೊಡ್ಡ ಊರುಗಳಿಗೆ ವಿಮಾನ ಹೆಚ್ಚು, ದರದಲ್ಲಿ ಪೈಪೋಟಿಯೂ ಹೆಚ್ಚು. ಮಳೆಗಾಲದಲ್ಲಿ ಮಾತ್ರ ಆ ರಸ್ತೆಗೆ ಎರಡು ತಾಸು ಜಾಸ್ತಿ ಹಿಡಿದೇ ಮನೆ ಬಿಡಬೇಕು.

ಹಾಳೆಯ ಮೇಲೆ ಬರೆದಾಗ ನಮ್ಮ ಭಾಗದವರ ಓಡಾಟದಲ್ಲಿ ಮುಕ್ಕಾಲು ಪಾಲು ರೈಲು ಎಂದು ಗೊತ್ತಾಗುತ್ತದೆ. ಮೈಸೂರು–ಪಂಢರಪುರ ಗೋಲಗುಂಬಜ್ ಎಕ್ಸ್‌ಪ್ರೆಸ್, ಬಾಗಲಕೋಟೆಯ ಬಸವ ಎಕ್ಸ್‌ಪ್ರೆಸ್, ಬೆಳಗಾವಿಯವರಿಗೆ ರಾಣಿ ಚೆನ್ನಮ್ಮ, 2025ರ ಆಗಸ್ಟ್‌ನಿಂದ ಬೆಂಗಳೂರು–ಬೆಳಗಾವಿ ವಂದೇ ಭಾರತ್. ಅದಕ್ಕೇ ನನ್ನ ಲೆಕ್ಕದಲ್ಲಿ ಮೊದಲ ಕಾರ್ಡ್ ವಿಮಾನದ್ದಲ್ಲ, ರೈಲಿನದು. ಐಆರ್‌ಸಿಟಿಸಿ ಹೆಸರಿನಲ್ಲಿ ಎಸ್‌ಬಿಐ ಕಾರ್ಡ್ ಕೊಡುವ ಪ್ಲಾಟಿನಂ ಕಾರ್ಡಿನ ಮೊದಲ ವರ್ಷದ ಶುಲ್ಕ 500 ರೂ., ಜಿಎಸ್‌ಟಿ ಸೇರಿ 590. ಐಆರ್‌ಸಿಟಿಸಿಯಲ್ಲಿ ಎಸಿ ಬೋಗಿ ಮತ್ತು ಚೇರ್ ಕಾರ್ ಟಿಕೆಟ್ ತೆಗೆದರೆ ಮೊತ್ತದ 10% ವರೆಗೆ ಪಾಯಿಂಟಾಗಿ ವಾಪಸ್ ಬರುತ್ತದೆ, ಒಂದು ಪಾಯಿಂಟಿಗೆ ಒಂದು ರೂಪಾಯಿ. ಬೇರೆ ಖರ್ಚಿಗೆ 125 ರೂಪಾಯಿಗೆ ಒಂದೇ ಪಾಯಿಂಟ್, ಅಂದರೆ 0.8%. ಮೊದಲ ವರ್ಷ 5,900 ರೂಪಾಯಿಯ ಎಸಿ ಟಿಕೆಟ್ ತೆಗೆದರೆ ಶುಲ್ಕ ವಸೂಲು, ಅದರಾಚೆಗಿನದು ಲಾಭ. ಸ್ಲೀಪರ್‌ನಲ್ಲೇ ಓಡಾಡುವವರಿಗೆ ಈ 10% ಸಿಗುವುದಿಲ್ಲ, ಅವರಿಗೆ ಈ ಕಾರ್ಡ್ ಬೇಡ. ಕಾರ್ಡ್ ಬಂದ ಕೂಡಲೇ ಅದರ ಲಾಯಲ್ಟಿ ನಂಬರನ್ನು ಐಆರ್‌ಸಿಟಿಸಿ ಖಾತೆಗೆ ಜೋಡಿಸಿ. ಜೋಡಿಸದೆ ಬಿಟ್ಟರೆ ಪಾಯಿಂಟ್ ಕಾರ್ಡಿನಲ್ಲೇ ಕುಳಿತಿರುತ್ತದೆ, ಟಿಕೆಟ್ ತೆಗೆಯುವಾಗ ಬಳಸುವ ಆಯ್ಕೆಯೇ ಕಾಣುವುದಿಲ್ಲ.

ಟಿಕೆಟ್ ರದ್ದು ಮಾಡಿದರೆ ಬಂದ ಪಾಯಿಂಟೂ ಹಿಂದಕ್ಕೆ ಹೋಗುತ್ತದೆ. ಸಾಕಷ್ಟು ಮುಂಚೆ ರದ್ದು ಮಾಡಿದರೂ ಥರ್ಡ್ ಎಸಿಗೆ ತಲಾ 180, ಸೆಕೆಂಡ್ ಎಸಿಗೆ 200 ರೂಪಾಯಿ ಕಡಿತ. 'ಸುಮ್ಮನೆ ತೆಗೆದಿಡೋಣ, ಪಾಯಿಂಟಾದರೂ ಬರಲಿ' ಅನ್ನುವುದು ಹೀಗಾಗಿ ನಷ್ಟದ ಬಾಬ್ತು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 60 ದಿನ ಮಾತ್ರ. ಆಷಾಢ ಏಕಾದಶಿಯ ಹೊತ್ತಿನ ಪಂಢರಪುರದ ಗಾಡಿ, ದೀಪಾವಳಿ ಮುಂದಿನ ಬೆಂಗಳೂರಿನ ಗಾಡಿ ಇವುಗಳಿಗೆ ಅರವತ್ತನೇ ದಿನ ಬೆಳಿಗ್ಗೆ 8ಕ್ಕೇ ಕೂಡಬೇಕು.

ಇನ್ನು ವಿಮಾನ. ಪಾಯಿಂಟಿನ ಬೆಲೆಯನ್ನು ಬ್ಯಾಂಕ್ ಹೇಳಿದಂತೆ ನಂಬದೆ ಪ್ರತಿ ಸಲ ನಾನೇ ತೆಗೆಯುತ್ತೇನೆ: ರೊಕ್ಕ ಕೊಟ್ಟರೆ ಎಷ್ಟು ಆಗುತ್ತಿತ್ತೋ ಅದರಲ್ಲಿ, ಪಾಯಿಂಟ್ ಕೊಟ್ಟರೂ ಕೈಯಿಂದ ಕಟ್ಟಬೇಕಾದ ತೆರಿಗೆ-ಶುಲ್ಕ ಕಳೆದು, ಉಳಿದದ್ದನ್ನು ಬೇಕಾಗುವ ಪಾಯಿಂಟುಗಳಿಂದ ಭಾಗಿಸುವುದು. ಉದಾಹರಣೆಗೆ ಟಿಕೆಟ್ 7,200 ರೂ., ಪಾಯಿಂಟಾದರೆ 8,000 ಮತ್ತು ಮೇಲೆ 1,100 ರೂ. ಎಂದುಕೊಳ್ಳಿ. 6,100ನ್ನು 8,000ದಿಂದ ಭಾಗಿಸಿದರೆ ಪಾಯಿಂಟಿಗೆ 76 ಪೈಸೆ. ಅದೇ ಸೀಟಿನ ದರ ಇನ್ನೊಂದು ವಾರ 4,500 ಇದ್ದರೆ 42 ಪೈಸೆ ಆಗುತ್ತದೆ. ಎರಡನೆಯದಕ್ಕೆ ರೊಕ್ಕವನ್ನೇ ಕೊಡುತ್ತೇನೆ, ಪಾಯಿಂಟನ್ನು ದರ ಏರುವ ರಜೆ, ಮದುವೆ, ಹಬ್ಬದ ದಿನಕ್ಕೆ ಇಟ್ಟುಕೊಳ್ಳುತ್ತೇನೆ. ಬ್ಯಾಂಕಿನ ಪೋರ್ಟಲ್‌ನಲ್ಲಿ ಬುಕ್ ಮಾಡುವಾಗ ವಿಮಾನ ಕಂಪನಿಯ ಆ್ಯಪ್‌ನಲ್ಲಿ ಅದೇ ವಿಮಾನದ ದರ ತೆರೆದಿಟ್ಟುಕೊಂಡು ನೋಡಬೇಕು. ಪೋರ್ಟಲ್ ದರವೇ 400 ರೂಪಾಯಿ ಜಾಸ್ತಿ ಇದ್ದು ಕನ್ವೀನಿಯನ್ಸ್ ಫೀ ಬೇರೆ ಸೇರಿದರೆ ಪಾಯಿಂಟಿನ ಲಾಭ ಅಲ್ಲೇ ಕರಗಿತು. ಕೆಲವು ಕಾರ್ಡುಗಳಲ್ಲಿ ಬಿಲ್ಲಿನ ಒಂದು ಪಾಲಿಗೆ ಮಾತ್ರ ಪಾಯಿಂಟ್ ನಡೆಯುತ್ತದೆ, ಉಳಿದದ್ದು ರೊಕ್ಕ. ಪ್ರತಿ ರಿಡೆಂಪ್ಷನ್‌ಗೆ 99 ರೂಪಾಯಿ ಮತ್ತು ಜಿಎಸ್‌ಟಿ ಹಿಡಿಯುವ ಕಾರ್ಡುಗಳೂ ಉಂಟು, ಹಾಗಾಗಿ ಚಿಲ್ಲರೆ ಚಿಲ್ಲರೆಯಾಗಿ ಬಿಡಿಸಿಕೊಳ್ಳಬಾರದು.

ಗಳಿಕೆಯ ಲೆಕ್ಕ ಹೆಚ್ಚಿನವರ ಉತ್ಸಾಹ ಇಳಿಸುವಂಥದ್ದು. ತಿಂಗಳಿಗೆ 40,000 ಖರ್ಚಿನ ಮನೆ ಎಂದುಕೊಳ್ಳಿ. ಪೆಟ್ರೋಲ್, ಬಾಡಿಗೆ, ವಿಮೆ, ವಾಲೆಟ್‌ಗೆ ಹಾಕಿದ್ದು, ಸರ್ಕಾರಿ ಪಾವತಿ ಇವಕ್ಕೆ ಬಹಳಷ್ಟು ಕಾರ್ಡುಗಳಲ್ಲಿ ಪಾಯಿಂಟ್ ಇಲ್ಲ. ಹೆಸ್ಕಾಂ ಕರೆಂಟ್ ಬಿಲ್, ಶಾಲೆ ಫೀಗೆ ಎಷ್ಟೋ ಕಡೆ ಕಡಿಮೆ ಇಲ್ಲವೇ ಮಿತಿ. ಉಳಿಯುವುದು ಸುಮಾರು 22,000, ವರ್ಷಕ್ಕೆ 2,64,000. 150 ರೂಪಾಯಿಗೆ 4 ಪಾಯಿಂಟಿನಂತೆ 7,040 ಪಾಯಿಂಟ್. ವಿಮಾನಕ್ಕೆ ಬಳಸಿದರೆ ಪಾಯಿಂಟಿಗೆ 50 ಪೈಸೆ ಸಿಗುವ ಕಾರ್ಡಾದರೆ 3,520 ರೂ., ಬಿಲ್ಲಿಗೆ ಮುರಿಸಿ 20 ಪೈಸೆಯಂತೆ ತಗೊಂಡರೆ 1,408. ಎರಡನೆಯದಕ್ಕಿಂತ ವಾರ್ಷಿಕ ಶುಲ್ಕವಿಲ್ಲದೆ ಇಂಥ ದಿನದ ಖರ್ಚಿಗೆ 1% ಕೊಡುವ ಅಮೆಜಾನ್ ಪೇ ಐಸಿಐಸಿಐಯಂಥ ಕಾರ್ಡೇ ವಾಸಿ. ಅಲ್ಲಿ ಅದೇ ಖರ್ಚಿಗೆ 2,640 ಬರುತ್ತದೆ. ಬೇರೆ ಯಾವ ಕಾರ್ಡಾದರೂ ಈ ಸರಳ 1%ನ್ನು ಶುಲ್ಕ ಕಳೆದ ಮೇಲೂ ಮೀರಿಸುತ್ತದೆಯೇ ಎಂಬುದೇ ನನ್ನ ಪರೀಕ್ಷೆ. ದೊಡ್ಡ ಗಳಿಕೆ ದಿನದ ಖರ್ಚಿನಿಂದ ಬರುವುದಿಲ್ಲ. ಮೊದಲ ವರ್ಷದ ಸ್ವಾಗತ ಪಾಯಿಂಟ್, ಇಷ್ಟು ಲಕ್ಷ ದಾಟಿದರೆ ಸಿಗುವ ಮೈಲಿಗಲ್ಲಿನ ಪಾಯಿಂಟ್, ಎಸಿ ಟಿಕೆಟ್ಟಿನ 10% ಇವುಗಳಿಂದ ಬರುತ್ತದೆ. ಹಾಗಂತ ಮೈಲಿಗಲ್ಲು ಮುಟ್ಟಲೆಂದೇ ಬೇಡದ ಸಾಮಾನು ಕೊಂಡರೆ ಯಾರ ಉದ್ಧಾರ ಆಗುತ್ತದೆ ಎಂದು ಹೇಳಬೇಕಿಲ್ಲ.

ಪಾಯಿಂಟ್ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಹೆಚ್ಚಿನ ಸಲ ಎಂಸಿಸಿ ಎಂಬ ನಾಲ್ಕಂಕಿಯ ಸಂಖ್ಯೆಯಲ್ಲಿರುತ್ತದೆ. ಅಂಗಡಿ ಯಾವ ಬಗೆಯದು ಎಂದು ಬ್ಯಾಂಕ್ ತಿಳಿಯುವುದು ಬೋರ್ಡ್ ನೋಡಿ ಅಲ್ಲ, ಸ್ವೈಪ್ ಮಷಿನ್ನಿಗೆ ಕೊಟ್ಟ ಈ ಸಂಖ್ಯೆ ನೋಡಿ. ಕಿರಾಣಿ 5411, ಪೆಟ್ರೋಲ್ ಬಂಕ್ 5541, ಆಭರಣ 5944, ಬಾಡಿಗೆ 6513, ವಿದ್ಯುತ್-ನೀರು 4900. ಮಷಿನ್ ತಗೊಂಡಾಗ ತಪ್ಪು ವರ್ಗ ಹಾಕಿಸಿದ ಅಂಗಡಿಗಳು ಸಣ್ಣ ಊರುಗಳಲ್ಲಿ ಕಡಿಮೆಯೇನಲ್ಲ. ದೊಡ್ಡ ಖರೀದಿಗೆ ಮುಂಚೆ ಅದೇ ಅಂಗಡಿಯಲ್ಲಿ 200–300 ರೂಪಾಯಿಯ ಸಾಮಾನು ಕೊಂಡು, ಸ್ಟೇಟ್‌ಮೆಂಟಿನಲ್ಲಿ ಪಾಯಿಂಟ್ ಬಂತೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದರೆ ಕಾಯಿಪಲ್ಲೆ ಅಂಗಡಿವರೆಗೂ ನಡೆಯುತ್ತದೆ. ಆದರೆ ಆ ಕ್ಯೂಆರ್ ವ್ಯಾಪಾರಿ ಕ್ಯೂಆರ್ ಆಗಿರಬೇಕು. ನಮ್ಮಲ್ಲಿ ಎಷ್ಟೋ ಅಂಗಡಿಯವರು ಸ್ವಂತ ಉಳಿತಾಯ ಖಾತೆಯ ಕ್ಯೂಆರ್ ಅಂಟಿಸಿರುತ್ತಾರೆ, ಅಲ್ಲಿ ಕ್ರೆಡಿಟ್ ಕಾರ್ಡ್ ಹಾದು ಹೋಗುವುದಿಲ್ಲ. ತಪ್ಪು ಕಾರ್ಡಿನದೂ ಅಲ್ಲ, ನೆಟ್‌ವರ್ಕಿನದೂ ಅಲ್ಲ.

'ಕಾರ್ಡಾದರೆ ಎರಡು ಪರ್ಸೆಂಟ್ ಜಾಸ್ತಿ ಆಗತದ್ರಿ' ಎಂಬ ಮಾತು ಮದುವೆ ಜವಳಿಯಲ್ಲಿ, ಬಂಗಾರದಲ್ಲಿ, ಹಾರ್ಡ್‌ವೇರಿನಲ್ಲಿ ಕೇಳಿಬರುತ್ತದೆ. 50,000 ರೂಪಾಯಿಯ ಇಳಕಲ್ ಸೀರೆಗಳಿಗೆ 2% ಅಂದರೆ 1,000 ರೂ. ಮೇಲೆ ಹೇಳಿದ, 150ಕ್ಕೆ 4 ಪಾಯಿಂಟಿನ ಕಾರ್ಡಿನಲ್ಲಿ ಬರುವ ಪಾಯಿಂಟಿನ ಬೆಲೆ ಹೆಚ್ಚೆಂದರೆ 667. ನೇರ ನಷ್ಟ. ಇಂಥಲ್ಲಿ ರೊಕ್ಕವೋ ಬ್ಯಾಂಕ್ ವರ್ಗಾವಣೆಯೋ ಮಾಡಿ, ಬೇಕಿದ್ದರೆ ಆ 2%ನ್ನೇ ರಿಯಾಯಿತಿ ಕೇಳಿ. ಬಿಲ್ಲನ್ನು ಇಎಂಐಗೆ ಬದಲಿಸಿದರೂ ಹೆಚ್ಚಿನ ಕಾರ್ಡುಗಳಲ್ಲಿ ಪಾಯಿಂಟ್ ಹೋಗುತ್ತದೆ.

ಬಡ್ಡಿಯ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ವಿಶೇಷ ಅಪಾಯವಿದೆ. ಪಗಾರದವರಿಗೆ ತಿಂಗಳಿಗೊಮ್ಮೆ ರೊಕ್ಕ ಬರುತ್ತದೆ, ಕಾರ್ಡಿನ ಬಿಲ್ಲೂ ತಿಂಗಳಿಗೊಮ್ಮೆ. ಆದರೆ ಕಬ್ಬಿನ ಬಿಲ್ಲು, ದ್ರಾಕ್ಷಿ, ದಾಳಿಂಬೆಯ ರೊಕ್ಕ ಹಂಗಾಮಿಗೊಮ್ಮೆ. 'ಫ್ಯಾಕ್ಟರಿ ರೊಕ್ಕ ಬಂದ ಮೇಲೆ ಕಟ್ಟಿದರಾಯಿತು' ಎಂದು ಕಾರ್ಡನ್ನು ಉದ್ರಿ ಪುಸ್ತಕದಂತೆ ಬಳಸಿದರೆ ತಿಂಗಳಿಗೆ 3.5ರಿಂದ 3.75% ಬಡ್ಡಿ, ಅದರ ಮೇಲೆ 18% ಜಿಎಸ್‌ಟಿ. 30,000 ಬಾಕಿ ಒಂದೇ ತಿಂಗಳು ಉಳಿದರೆ 1,125 ಮತ್ತು ಜಿಎಸ್‌ಟಿ ಸೇರಿ 1,327 ರೂ. ವರ್ಷವಿಡೀ ಗಳಿಸಿದ 3,520ರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಲ್ಲೇ ಹೋಯಿತು. 'ಮಿನಿಮಮ್ ಡ್ಯೂ' (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಕಟ್ಟಿದರೆ ತಡದ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಅಷ್ಟೇ ಅಲ್ಲ, ಬಾಕಿ ಉಳಿದಿರುವಾಗ ಮಾಡಿದ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಎಟಿಎಂನಿಂದ ಕ್ರೆಡಿಟ್ ಕಾರ್ಡಿನಲ್ಲಿ ರೊಕ್ಕ ತೆಗೆಯುವುದಂತೂ ಬೇಡವೇ ಬೇಡ, ಅದಕ್ಕೆ ಬಡ್ಡಿರಹಿತ ದಿನಗಳೇ ಇಲ್ಲ. ನಾನು ಪೂರ್ತಿ ಮೊತ್ತಕ್ಕೆ ಆಟೋ ಡೆಬಿಟ್ ಹಾಕಿಟ್ಟಿದ್ದೇನೆ, ಮಿನಿಮಮ್‌ಗೆ ಅಲ್ಲ. ಅರ್ಜಿಯಲ್ಲಿ ಈ ಎರಡು ಚೌಕಗಳು ಪಕ್ಕಪಕ್ಕದಲ್ಲೇ ಇರುತ್ತವೆ, ನೋಡಿ ಗುರುತು ಹಾಕಿ. ತಿಂಗಳ 12ನೇ ತಾರೀಖಿಗೆ ಬಿಲ್ ಆಗುವ ಕಾರ್ಡಿನಲ್ಲಿ ದೊಡ್ಡ ಟಿಕೆಟ್ಟನ್ನು 13ಕ್ಕೆ ತೆಗೆದರೆ ಕಟ್ಟಲು ಸುಮಾರು 50 ದಿನ ಸಿಗುತ್ತದೆ, 11ಕ್ಕೆ ತೆಗೆದರೆ ಇಪ್ಪತ್ತು ಚಿಲ್ಲರೆ ದಿನ.

ಪಾಯಿಂಟನ್ನು ವಿಮಾನ ಕಂಪನಿಯ ಖಾತೆಗೆ ವರ್ಗಾಯಿಸುವ ಕಾರ್ಡುಗಳಲ್ಲಿ ಹೆಚ್ಚು ಬೆಲೆ ಸಿಗುತ್ತದೆ, ಹೆಚ್ಚು ಎಡವಟ್ಟೂ ಅಲ್ಲೇ. ವರ್ಗಾವಣೆ ಏಕಮುಖ. ಒಮ್ಮೆ ಹೋದದ್ದು ಕಾರ್ಡಿಗೆ ವಾಪಸ್ ಬರುವುದಿಲ್ಲ. ಆದ್ದರಿಂದ ಮೊದಲು ಬೇಕಾದ ದಿನ ಪಾಯಿಂಟಿನ ಸೀಟು ಇದೆಯೇ ನೋಡಬೇಕು, ಆಮೇಲೆ ಎಷ್ಟು ಬೇಕೋ ಅಷ್ಟೇ ಕಳಿಸಬೇಕು. ಕೆಲವು ತಕ್ಷಣ ಮುಟ್ಟುತ್ತವೆ, ಕೆಲವಕ್ಕೆ ದಿನಗಳು ಬೇಕು, ಅಷ್ಟರಲ್ಲಿ ಸೀಟು ಹೋಗಬಹುದು. ಅದಕ್ಕೆ ಒಂದು ಬದಲಿ ದಿನವನ್ನೂ ಗುರುತಿಟ್ಟುಕೊಂಡಿರುತ್ತೇನೆ. ಇನ್ನೊಂದು ಎಡವಟ್ಟು ಹೆಸರಿನದು. ನಮ್ಮಲ್ಲಿ ಆಧಾರ್‌ನಲ್ಲಿ ಅಡ್ಡಹೆಸರು ಕೊನೆಗೆ, ಪ್ಯಾನ್‌ನಲ್ಲಿ ತಂದೆಯ ಹೆಸರು ನಡುವೆ, ಕಾರ್ಡಿನ ಮೇಲೆ ಬರೀ ಇನಿಷಿಯಲ್ ಹೀಗೆ ಮೂರು ಅವತಾರ ಇರುತ್ತದೆ. ವಿಮಾನ ಕಂಪನಿಯ ಸದಸ್ಯ ಖಾತೆಯ ಹೆಸರು ಕಾರ್ಡಿನ ಹೆಸರಿಗೆ ಹೊಂದದಿದ್ದರೆ ವರ್ಗಾವಣೆ ನಿಲ್ಲುತ್ತದೆ. ಖಾತೆ ತೆರೆಯುವ ದಿನವೇ ಇದನ್ನು ಸರಿ ಮಾಡಿ.

ಪಾಯಿಂಟನ್ನು ಬಂಗಾರದಂತೆ ಕೂಡಿಡಬಾರದು. 2023ರ ಸೆಪ್ಟೆಂಬರ್ 1ರಿಂದ ಆಕ್ಸಿಸ್ ಮ್ಯಾಗ್ನಸ್ ಕಾರ್ಡಿನ ವರ್ಗಾವಣೆ ಅನುಪಾತ 5:4ರಿಂದ 5:2ಕ್ಕೆ ಇಳಿಯಿತು, ಅಂದರೆ ಕೂಡಿಟ್ಟವರ ಗಂಟು ಅರ್ಧ ಆಯಿತು. 2024ರ ನವೆಂಬರ್ 12ಕ್ಕೆ ವಿಸ್ತಾರಾ ವಿಮಾನ ಕಂಪನಿ ಏರ್ ಇಂಡಿಯಾದಲ್ಲಿ ಸೇರಿ ಅದರ ಪಾಯಿಂಟ್ ವ್ಯವಸ್ಥೆಯೂ ಏರ್ ಇಂಡಿಯಾದ್ದರಲ್ಲಿ ಕರಗಿತು. ನಾನು ಒಂದು ಪ್ರಯಾಣಕ್ಕೆ ಸಾಕಾಗುವಷ್ಟು ಆದ ಕೂಡಲೇ ಬಳಸಿಬಿಡುತ್ತೇನೆ. ಕಾರ್ಡಿನ ಆ್ಯಪ್ ತೆರೆದು ಪಾಯಿಂಟ್ ಮುಗಿಯುವ ತಾರೀಖನ್ನೂ ಮೂರು ತಿಂಗಳಿಗೊಮ್ಮೆ ನೋಡುತ್ತೇನೆ.

ಪಗಾರ ಚೀಟಿಯೂ ಇಲ್ಲ, ಐಟಿ ರಿಟರ್ನೂ ಇಲ್ಲ ಅನ್ನುವವರಿಗೆ ದಾರಿ ಎಫ್‌ಡಿ ಮೇಲಿನ ಕಾರ್ಡ್. ಎಫ್‌ಡಿ ಮೊತ್ತದ ಬಹುಪಾಲು ಲಿಮಿಟ್ ಆಗಿ ಸಿಗುತ್ತದೆ, ಎಫ್‌ಡಿಯ ಬಡ್ಡಿಯೂ ಬರುತ್ತಿರುತ್ತದೆ. ಒಂದು ವರ್ಷ ಸರಿಯಾಗಿ ಕಟ್ಟಿದರೆ ಸಿಬಿಲ್ ಸ್ಕೋರ್ ಬೆಳೆದು ಬೇರೆ ಕಾರ್ಡಿಗೆ ಹಾದಿ ಆಗುತ್ತದೆ. ಒಂದೇ ತಿಂಗಳಲ್ಲಿ ನಾಲ್ಕು ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ಸಿಬಿಲ್‌ನಲ್ಲಿ ದಾಖಲಾಗುತ್ತದೆ, ಎರಡರ ನಡುವೆ ಆರು ತಿಂಗಳು ಬಿಡುವುದು ನನ್ನ ಪದ್ಧತಿ. ವಿದೇಶಕ್ಕೆ ಹೋಗುವವರು ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಶುಲ್ಕ) ಒಂದನ್ನು ನೋಡಿಕೊಂಡರೆ ಸಾಕು. ಸಾಮಾನ್ಯ ಕಾರ್ಡಿನ 3.5% ಜಿಎಸ್‌ಟಿ ಸೇರಿ 4.13% ಆಗುತ್ತದೆ, ಅದನ್ನು ತುಂಬಿಕೊಡುವ ಪಾಯಿಂಟ್ ಅಪರೂಪ.

ಮೈಲಿಗಲ್ಲು ದಾಟಲು ಅಣ್ಣತಮ್ಮಂದಿರ, ಬೀಗರ ಖರೀದಿಯನ್ನೂ ನಮ್ಮ ಕಾರ್ಡಿನಲ್ಲಿ ಮಾಡಿ ರೊಕ್ಕ ಈಸಿಕೊಳ್ಳುವ ರೂಢಿ ಉಂಟು. ವರ್ಷದಲ್ಲಿ ಕಾರ್ಡ್ ಬಿಲ್ಲಿಗೆ ಕಟ್ಟಿದ್ದು 10 ಲಕ್ಷ ಮುಟ್ಟಿದರೆ, ನಗದಾಗಿಯಾದರೆ 1 ಲಕ್ಷಕ್ಕೇ, ಬ್ಯಾಂಕ್ ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಯಾರ ಬಾಬ್ತು ಎಷ್ಟು, ರೊಕ್ಕ ಯಾವ ಖಾತೆಯಿಂದ ವಾಪಸ್ ಬಂತು ಎಂಬುದು ಬ್ಯಾಂಕ್ ದಾಖಲೆಯಲ್ಲಿರಲಿ, ಕೈಯಿಂದ ಕೈಗೆ ನಗದಾಗಿ ಬೇಡ.

ಎರಡನೇ ವರ್ಷದ ಶುಲ್ಕ ಬೀಳುವ ತಿಂಗಳ ಮುಂಚೆ ನಾನು ಪ್ರತಿ ಕಾರ್ಡಿನ ಲೆಕ್ಕ ತೆಗೆಯುತ್ತೇನೆ. ಶುಲ್ಕ ಮಾಫಿಗೆ ಎಷ್ಟು ಖರ್ಚು ಬಾಕಿ, ಬಂದ ಲಾಭ ಎಷ್ಟು. ಬೇಡವೆಂದಾದರೆ ಮೊದಲು ಪಾಯಿಂಟ್ ಖಾಲಿ ಮಾಡಿ, ಫಾಸ್ಟ್ಯಾಗ್, ಮೊಬೈಲ್ ರೀಚಾರ್ಜ್‌ನಂಥ ಆಟೋ ಪಾವತಿಗಳನ್ನು ಬೇರೆ ಕಾರ್ಡಿಗೆ ಸರಿಸಿ, ಪೂರ್ತಿ ಬಾಕಿ ಕಟ್ಟಿ, ಇಮೇಲ್ ಮೂಲಕ ಮುಚ್ಚಲು ಕೇಳಬೇಕು. ಬಾಕಿ ಇಲ್ಲದ ಕಾರ್ಡನ್ನು 7 ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ. ಫೋನಿನಲ್ಲಿ ಹೇಳಿದ್ದಕ್ಕೆ ತಾರೀಖಿನ ಸಾಕ್ಷಿ ಇರುವುದಿಲ್ಲ, ಇಮೇಲ್‌ಗೆ ಇರುತ್ತದೆ.