ಹಳೆ ಕ್ಯಾಮೆರಾದ ಮೀಟರ್ ತಪ್ಪು ತೋರಿಸುತ್ತಿದೆಯಾ? ಮೊದಲು ಸೆಲ್ ಬದಲಿಸಿ ನೋಡಿ

ಮಿನೋಲ್ಟಾ ಎಸ್‌ಆರ್‌ಟಿ 101, ಕ್ಯಾನೊನೆಟ್ ಕ್ಯೂಎಲ್17 ಥರದ ಹಳೆ ಫಿಲ್ಮ್ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಲೈಟ್ ಮೀಟರ್ ತಪ್ಪು ತೋರಿಸುತ್ತಿದ್ದರೆ, ರಿಪೇರಿಗೆ ಕೊಡುವ ಮೊದಲು ಕಿವಿ ಮಷಿನ್‌ಗೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್ ಹಾಕಿ ನೋಡಿ. ಇವು 1.35 ವೋಲ್ಟಿನ ಪಾದರಸದ ಸೆಲ್‌ಗೆಂದು ಮಾಡಿದ ಕ್ಯಾಮೆರಾಗಳು. ಈಗ ಸಿಗುವ ಆಲ್ಕಲೈನ್ ಸೆಲ್ 1.5 ವೋಲ್ಟ್. ಹಾಗಾಗಿ ಮೀಟರಿನ ಮುಳ್ಳು ಜಾಸ್ತಿ ಏರುತ್ತದೆ, ಫಿಲ್ಮಿಗೆ ಬೆಳಕು ಸಾಲದೆ ಫೋಟೋ ಕಪ್ಪಾಗುತ್ತದೆ. ಸಾಲದ್ದಕ್ಕೆ ಆಲ್ಕಲೈನ್ ಬಳಸಿದಂತೆಲ್ಲ ವೋಲ್ಟ್ ಇಳಿಯುತ್ತದೆ, ತಪ್ಪು ಕೂಡ ಒಂದೇ ಅಳತೆಯಲ್ಲಿ ಇರುವುದಿಲ್ಲ. ಜಿಂಕ್-ಏರ್ ಸುಮಾರು 1.4ರಲ್ಲಿ ಕೊನೆತನಕ ನಿಲ್ಲುತ್ತದೆ. ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಸೆಲ್ ಚಿಕ್ಕದು, ಅಲುಗದಂತೆ ಸುತ್ತ ರಬ್ಬರ್ ರಿಂಗ್ ಬೇಕು, ಆದರೆ ಸೆಲ್ಲಿಗೆ ಗಾಳಿ ಹೋಗುವ ತೂತು ಮುಚ್ಚಬಾರದು. ಆಮೇಲೆ ಕ್ಯಾಮೆರಾದಲ್ಲಿ ಫಿಲ್ಮಿನ ವೇಗ ಅಂದರೆ ಐಎಸ್‌ಒ 100 ಇಟ್ಟು, ಮೋಡವಿಲ್ಲದ ಮಧ್ಯಾಹ್ನ ನೇರ ಬಿಸಿಲು ಬಿದ್ದ ಹುಲ್ಲನ್ನು ಅಳೆಯಿರಿ. ಶಟರ್ 1/125 ಸೆಕೆಂಡ್, ಲೆನ್ಸಿನ ಕಿಂಡಿ (ಅಪರ್ಚರ್) ಎಫ್16ರ ಹತ್ತಿರ ಬಂದರೆ ಮೀಟರ್ ಸರಿಯಿದೆ. ಬಿಸಿಲಲ್ಲಿ ಸರಿ ತೋರಿಸಿ ನೆರಳಲ್ಲಿ ತಪ್ಪಿದರೆ ಬೆಳಕು ಹಿಡಿಯುವ ಸಿಡಿಎಸ್ ಸೆನ್ಸರ್ ಹಳೆಯದಾಗಿರಬಹುದು. ಮುಳ್ಳು ಅಲ್ಲಾಡಲೇ ಇಲ್ಲವೆಂದರೆ ಸೆಲ್ ಕೂರುವ ಜಾಗದಲ್ಲಿ ಹಸಿರು ತುಕ್ಕು ಇದೆಯಾ ನೋಡಿ, ವಿನೆಗರ್ ಅದ್ದಿದ ಇಯರ್ ಬಡ್‌ನಿಂದ ಒರೆಸಿ ಒಣಗಿಸಿ. ಒಂದು ಮಾತು, ಜಿಂಕ್-ಏರ್ ಸೆಲ್ ಸ್ಟಿಕ್ಕರ್ ಕಿತ್ತ ಮೇಲೆ ಬಳಸದಿದ್ದರೂ ಕೆಲವು ತಿಂಗಳಲ್ಲಿ ಒಣಗಿ ಹೋಗುತ್ತದೆ. ರೋಲ್ ಹಾಕುವಾಗಲೇ ಹೊಸದು ತೆಗೆಯಿರಿ.