ಅಜ್ಜಯ್ಯನ ಶಿಕಾರಿ ಟ್ರಂಕು

ಎರಡು ವರ್ಷದ ಹಿಂದೆ ಊರಿನ ಮನೆಗೆ ಹೊಸ ಹೆಂಚು ಹಾಕಿಸುವಾಗ ಅಟ್ಟ ಖಾಲಿ ಮಾಡಬೇಕಾಯಿತು. ಚಿಕ್ಕಪ್ಪ ಫೋನ್ ಮಾಡಿದರು. "ನಿಮ್ಮಜ್ಜಯ್ಯನ ಶಿಕಾರಿ ಟ್ರಂಕು ಸಿಕ್ಕಿದೆ ಮಾರಾಯ. ನಿಂಗೆ ಬೇಕಾ, ಇಲ್ಲಾ ಗುಜರಿಯವನಿಗೆ ಕೊಡ್ಲಾ?" ಅಂದರು. ಬೇಕು ಅಂದೆ. ಸಕಲೇಶಪುರದ ಹತ್ತಿರದ ನಮ್ಮ ಹಳ್ಳಿಯಿಂದ ಆ ಟ್ರಂಕನ್ನು ಪುಣೆಗೆ ತರುವಷ್ಟರಲ್ಲಿ ಮೂರು ಬಸ್ಸು ಬದಲಾಯಿಸಿದ್ದೆ. ಖಡ್ಕಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅದನ್ನು ಇಡಲು ಜಾಗ ಇರಲಿಲ್ಲ. ಬಾಲ್ಕನಿಯಲ್ಲಿಟ್ಟು ಬಾಗಿಲು ಹಾಕಿಕೊಂಡೆ. ಅಷ್ಟು ಮುಗ್ಗಲು ವಾಸನೆ.

ಒಳಗೆ ಇದ್ದದ್ದು ಒಂದು ಖಾಕಿ ಕೋಟು, ಚರ್ಮದ ತೋಟೆ ಪಟ್ಟಿ (ತೋಟೆ ಅಂದರೆ ಕೋವಿಗೆ ತುಂಬುವ ಕಾರ್ಟ್ರಿಜ್), ಮುಂಭಾಗಕ್ಕೆ ಬಲೆ ಇರುವ ಕ್ಯಾನ್ವಾಸ್ ಚೀಲ, ಕಾಲಿಗೆ ಸುತ್ತುವ ಉಣ್ಣೆ ಪಟ್ಟಿಗಳ ಜೋಡಿ, ಒಂದು ಬೆಂಡಿನ ಟೋಪಿ. ಕೋವಿ ಇರಲಿಲ್ಲ. ಅಜ್ಜಯ್ಯ ತೀರಿಕೊಂಡ ವರ್ಷವೇ ಅದನ್ನು ಠಾಣೆಗೆ ಒಪ್ಪಿಸಿಯಾಗಿತ್ತು. ಅದು ಇಲ್ಲದಿರುವುದೇ ಒಳ್ಳೆಯದು ಅನ್ನಿಸಿತು ನನಗೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಮನೆಯಲ್ಲಿ ಶಿಕಾರಿ ನಿಂತಿತು, ಅದು ಮತ್ತೆ ಬರಬೇಕು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ನನಗೆ ಆಸೆ ಇರುವುದು ಆ ಬಟ್ಟೆ, ಆ ಚರ್ಮ, ಆ ಹೊಲಿಗೆಯ ಮೇಲೆ. ಅವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ಮತ್ತೆ ಬಳಸುವ ಹಾಗೆ ಮಾಡಬೇಕು ಅಂತ ಹೊರಟೆ. ಏನೇನು ಮಾಡಿದೆ, ಎಲ್ಲಿ ಕೆಡಿಸಿದೆ, ಅದನ್ನೇ ಬರೆಯುತ್ತೇನೆ.

ಮೊದಲು ತೋಟೆ ಪಟ್ಟಿ. ಸೊಂಟಕ್ಕೆ ಕಟ್ಟುವ ಬೆಲ್ಟು, ಅದರ ಉದ್ದಕ್ಕೂ 25 ಚರ್ಮದ ಕುಣಿಕೆ, ಒಂದೊಂದಕ್ಕೆ ಒಂದೊಂದು ತೋಟೆ. ಚರ್ಮ ಒಣಗಿ ಹಪ್ಪಳದ ಹಾಗಾಗಿತ್ತು. ಕುಣಿಕೆಗಳ ಒಳಗೆಲ್ಲ ಹಸಿರು ಹಸಿರಾದ ಮೇಣದಂಥ ಕಿಲುಬು. ತೋಟೆಯ ಬುಡ ಹಿತ್ತಾಳೆಯದು ಅಲ್ವಾ, ಅದನ್ನು ಚರ್ಮದಲ್ಲೇ ಬಿಟ್ಟರೆ ಚರ್ಮ ಹದ ಮಾಡಿದ ಹುಳಿ ಮತ್ತು ಎಣ್ಣೆ ಸೇರಿ ಹಿತ್ತಾಳೆಯಲ್ಲಿರುವ ತಾಮ್ರವನ್ನು ತಿನ್ನುತ್ತದೆ. ಹಳೆಯ ಶಿಕಾರಿಯವರು ಮನೆಗೆ ಬಂದ ಕೂಡಲೇ ಪಟ್ಟಿಯಿಂದ ತೋಟೆ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದದ್ದು ಇದಕ್ಕೇ. ಅಜ್ಜಯ್ಯ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರಂತೆ. ಆಗಿನ ತೋಟೆಯ ಮೈ ಪ್ಲಾಸ್ಟಿಕ್ಕಿನದಲ್ಲ, ಕಾಗದದ್ದು. ಮಲೆನಾಡಿನ ಮಳೆಗೆ ಕಾಗದ ಉಬ್ಬಿದರೆ ಕೋವಿಯ ನಳಿಗೆಯೊಳಗೆ ಹೋಗುವುದಿಲ್ಲ, ಹೋದರೆ ಹೊರಗೆ ಬರುವುದಿಲ್ಲ. ಅಕ್ಕಿ ತೇವ ಎಳೆದುಕೊಳ್ಳುತ್ತದೆ ಅಂತ ಆ ಉಪಾಯ.

ಕಿಲುಬು ತೆಗೆಯಲು ಬಿದಿರು ಕಡ್ಡಿಯನ್ನು ಚಪ್ಪಟೆಯಾಗಿ ಸೀಳಿಕೊಂಡೆ. ಲೋಹದ ಚಾಕು ಬೇಡ, ಚರ್ಮ ಗೀರುತ್ತದೆ. ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿದರಾಯಿತು ಅಂತ ಮೊದಲ ಎರಡು ಕುಣಿಕೆಗೆ ಹಚ್ಚಿದೆ. ಕಿಲುಬು ಹೋಯಿತು, ಆದರೆ ಚರ್ಮ ಅಲ್ಲೇ ಗಡಸಾಗಿ ಬಿರುಕು ಬಿಟ್ಟಿತು. ಉಳಿದ 23 ಕುಣಿಕೆಗಳನ್ನು ಒಣಗಿದ ಕಡ್ಡಿಯಲ್ಲೇ, ತಾಳ್ಮೆಯಿಂದ, ಮೂರು ಭಾನುವಾರ ಕೂತು ಕೆರೆದೆ.

ಆಮೇಲೆ ಹರಳೆಣ್ಣೆ. ಬಟ್ಟೆಗೆ ನಾಲ್ಕು ಹನಿ ಹಾಕಿ ತೆಳ್ಳಗೆ ಸವರುವುದು, ಎರಡು ದಿನ ನೆರಳಲ್ಲಿ ಬಿಡುವುದು, ಮತ್ತೆ ಸವರುವುದು. ಒಂದೇ ಸಲ ಜಾಸ್ತಿ ಹಚ್ಚಿದರೆ ಚರ್ಮ ಮೆತ್ತಗಾಗಿ ಜೋಲುತ್ತದೆ, ಹೊಲಿಗೆಯ ತೂತು ಹಿಗ್ಗುತ್ತದೆ. ಬಿಸಿಲಿಗಂತೂ ಇಡಲೇಬೇಡಿ. ಬಣ್ಣ ಕಪ್ಪಾಗುತ್ತದೆ, ಅದಕ್ಕೆ ಸಿದ್ಧವಾಗಿರಬೇಕು.

ಹೀಗೆ ಕೆರೆಯುತ್ತಿದ್ದಾಗ ಹದಿನೇಳನೇ ಕುಣಿಕೆಯಿಂದ ಒಂದು ಖಾಲಿ ತೋಟೆ ಹೊರಬಂತು. ಸುಟ್ಟ ತೋಟೆ. ಕೆಂಪು ಕಾಗದ ಮಾಸಿ ಇಟ್ಟಿಗೆ ಬಣ್ಣವಾಗಿತ್ತು, ಬಾಯಿ ನೆರಿಗೆ ನೆರಿಗೆಯಾಗಿ ಅರಳಿಕೊಂಡಿತ್ತು. ಬುಡದ ಹಿತ್ತಾಳೆಯನ್ನು ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ಬೆಳಕಿಗೆ ಹಿಡಿದರೆ ನಡುವೆ ಸೂಜಿ ಹೊಡೆದ ಸಣ್ಣ ಗುಳಿ, ಸುತ್ತ ಅಕ್ಷರಗಳು. ಕೆ.ಎಫ್. ಅಂತ.

ಆ ಎರಡು ಅಕ್ಷರ ನೋಡಿ ನಾನು ಸುಮ್ನೆ ಕೂತುಬಿಟ್ಟೆ. ಕೆ.ಎಫ್. ಅಂದರೆ ಕಿರ್ಕೀ ಫ್ಯಾಕ್ಟರಿ. ಬ್ರಿಟಿಷರ ಬಾಯಲ್ಲಿ ಕಿರ್ಕೀ, ನಮ್ಮ ಬಾಯಲ್ಲಿ ಖಡ್ಕಿ. 1869ರಲ್ಲಿ ಶುರುವಾದ ಮದ್ದುಗುಂಡು ಕಾರ್ಖಾನೆ. ಸೈನ್ಯದ ಗುಂಡಿನ ಜೊತೆಗೆ ಶಿಕಾರಿ ಕೋವಿಗೆ ಹಾಕುವ ಹನ್ನೆರಡು ಬೋರಿನ ತೋಟೆಯನ್ನೂ ಅವರೇ ಮಾಡುತ್ತಾರೆ. ನಾನು 11 ವರ್ಷದಿಂದ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಅದರ ಕಡೆಯಿಂದಲೇ ಕೆಲಸಕ್ಕೆ ಹೋಗುತ್ತೇನೆ. ಅಜ್ಜಯ್ಯ ಪುಣೆ ನೋಡಿದವರಲ್ಲ. ಆದರೆ ಇಲ್ಲಿಂದ ಹೊರಟ ಒಂದು ತೋಟೆ ಅಲ್ಲಿಯವರೆಗೆ ಹೋಗಿ, ಅವರ ಸೊಂಟದಲ್ಲಿ ಕೂತು, ಯಾವುದೋ ಹಂದಿಯ ಮೇಲೆ ಈಡಾಗಿ, ಅಟ್ಟದಲ್ಲಿ ಅಷ್ಟು ವರ್ಷ ಮಲಗಿ, ನನ್ನ ಕೈಯಲ್ಲಿ ವಾಪಸ್ ಖಡ್ಕಿಗೆ ಬಂದಿತ್ತು. ಚಿಕ್ಕವರಿದ್ದಾಗ ಇಂಥ ಖಾಲಿ ತೋಟೆಯ ಬಾಯನ್ನು ಕೆಳತುಟಿಗೆ ಒತ್ತಿ ಊದಿ ಸೀಟಿ ಹೊಡೆಯುತ್ತಿದ್ದೆವು. ಇದನ್ನು ಊದಲು ಮನಸ್ಸು ಬರಲಿಲ್ಲ.

ಪಟ್ಟಿಯ ಆರು ಕುಣಿಕೆ ಹೊಲಿಗೆ ಬಿಟ್ಟಿದ್ದವು. ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಬ್ಯಾಗು ರಿಪೇರಿ ಮಾಡುವ ಒಂದು ಅಂಗಡಿಗೆ ಕೊಟ್ಟೆ. ಅವರು ಮಿಷನ್ನಿನಲ್ಲಿ ನೈಲಾನ್ ದಾರ ಹಾಕಿ ಒತ್ತೊತ್ತಾಗಿ ಹೊಲಿದರು. ನೋಡಲು ಚೆನ್ನಾಗಿತ್ತು. ಒಂದು ವಾರದಲ್ಲಿ, ಅಂಚೆಚೀಟಿ ಹರಿಯುತ್ತೇವಲ್ಲ, ಹಾಗೆ ತೂತುಗಳ ಸಾಲಿನ ಮೇಲೇ ಚರ್ಮ ಕಿತ್ತು ಬಂತು. ಹಳೆಯ ಚರ್ಮಕ್ಕೆ ನೈಲಾನ್ ದಾರ ಗರಗಸ ಇದ್ದ ಹಾಗೆ.

ಕೊನೆಗೆ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಮರದ ಕೆಳಗೆ ಕೂರುವ ಒಬ್ಬ ಚಮ್ಮಾರ ಅಜ್ಜನ ಹತ್ತಿರ ಹೋದೆ. ನಾನು ಮರಾಠಿಯಲ್ಲಿ ಶುರು ಮಾಡಿದೆ. ಅವರು ಪಟ್ಟಿ ಕೈಗೆ ತಗೊಂಡು ತಿರುಗಿಸಿ ನೋಡಿ, ತಮ್ಮಷ್ಟಕ್ಕೇ, "ಇದನ್ನ ಯಾವ ಪುಣ್ಯಾತ್ಮ ಮಿಷನ್ನಿಗೆ ಕೊಟ್ಟಾನಪ್ಪಾ" ಅಂದರು. ಕನ್ನಡ! ವಿಜಯಪುರದ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷ. "ನಾನೇ ಅಜ್ಜಾರ, ನಾನೇ ಕೊಟ್ಟಿದ್ದು" ಅಂದೆ. ನಕ್ಕರು. "ಕೂಡ್ರಿ. ಮೊದಲಿನ ತೂತು ಎಲ್ಲಿ ಅದಾವು ನೋಡೋಣು. ಹೊಸಾ ತೂತು ಹಾಕೋದು ಬ್ಯಾಡ."

ಅವರು ಮಾಡಿದ್ದನ್ನು ಎರಡು ಗಂಟೆ ಪಕ್ಕದಲ್ಲಿ ಕೂತು ನೋಡಿದೆ. ಮಿಷನ್ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ಹರಿದ ಕಡೆ ಹಿಂದಿನಿಂದ ತೆಳ್ಳನೆಯ ತೊಗಲಿನ ತುಂಡು ಇಟ್ಟರು, ಅದರ ಅಂಚನ್ನು ರಂಪಿಗೆಯಿಂದ, ಅಂದರೆ ಚಮ್ಮಾರರ ಉಳಿಯಿಂದ, ಕಾಗದದಷ್ಟು ತೆಳುವಾಗಿ ಹೆರೆದು, ಮುಟ್ಟಿದರೂ ಗೊತ್ತಾಗದ ಹಾಗೆ. ಹತ್ತಿಯ ದಾರವನ್ನು ಮೇಣದ ಉಂಡೆಯಲ್ಲಿ ಮೂರು ಸಲ ಎಳೆದರು. ಒಂದೇ ದಾರದ ಎರಡು ತುದಿಗೂ ಸೂಜಿ. ಒಂದೇ ತೂತಿನೊಳಗೆ ಈ ಕಡೆಯಿಂದೊಂದು, ಆ ಕಡೆಯಿಂದೊಂದು ಸೂಜಿ ಹಾದು, ಎರಡೂ ಕೈ ಅಗಲಿಸಿ ಎಳೆದರೆ ದಾರ 'ಕಿರ್' ಅಂತ ಕೂರುತ್ತಿತ್ತು. ಹೀಗೆ ಹೊಲಿದರೆ ಒಂದು ಕಡೆ ದಾರ ತುಂಡಾದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ. ಮಿಷನ್ನಿನದು ಹಾಗಲ್ಲ, ಒಂದು ಕಡೆ ಹೋದರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಆರು ಕುಣಿಕೆಗೆ 300 ರೂಪಾಯಿ ಕೇಳಿದರು. ನಾನು 500 ಕೊಟ್ಟೆ, ಅದೂ ಕಡಿಮೆಯೇ.

ಕೋಟಿನ ಕೆಲಸ ಸುಲಭ ಇತ್ತು. ಖಾಕಿ ಡ್ರಿಲ್ ಬಟ್ಟೆ, ಓರೆ ಗೆರೆಯ ನೇಯ್ಗೆ, ಒಗೆದಷ್ಟೂ ಮೆತ್ತಗಾಗುವಂಥದ್ದು. ಖಾಕಿ ಅಂದರೆ ಎಲ್ಲರಿಗೂ ಪೊಲೀಸರ ನೆನಪು, ಆದರೆ ಆ ಬಣ್ಣದ ಕಥೆಯಲ್ಲಿ ನಮ್ಮ ಮಂಗಳೂರಿನದೂ ಒಂದು ಪಾಲಿದೆ. 1850ರ ದಶಕದಲ್ಲಿ ಅಲ್ಲಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಹಾಲರ್ ಎಂಬುವವರು ಖಾಕಿ ಬಣ್ಣ ಹಾಕಿ ಬಟ್ಟೆ ಮಾಡಿಸಿದರು. ಬಣ್ಣಕ್ಕೆ ಆ ಹೆಸರು ಪರ್ಷಿಯನ್ ಭಾಷೆಯ 'ಖಾಕ್' ಅನ್ನುವ ಮಾತಿನಿಂದ, ಅಂದರೆ ಧೂಳು. ಕೋಟಿನ ಬೆನ್ನಿಗೆ ಒಳಗಡೆಯಿಂದ ಅಗಲವಾದ ಒಂದು ಜೇಬಿದೆ, ಹೊಡೆದ ಕಾಡುಕೋಳಿ ಹಾಕಿಕೊಳ್ಳಲು. ಅದರ ಒಳಬಟ್ಟೆಯಲ್ಲಿ ಕಂದು ಕಲೆ ಇದೆ. ಅದನ್ನು ತೆಗೆಯಲು ಹೋಗಲಿಲ್ಲ. ತಣ್ಣೀರು, ಅಂಟುವಾಳದ ನೊರೆ, ನೆರಳಲ್ಲಿ ಒಣಗಿಸಿದ್ದು, ಅಷ್ಟೇ. ಒಂದು ಗುಂಡಿ ಇರಲಿಲ್ಲ. ಭಾನುವಾರದ ಜುನಾ ಬಜಾರಿನಲ್ಲಿ ಎರಡು ಗಂಟೆ ಹುಡುಕಿ, ಹಳೆಯ ಮಿಲಿಟರಿ ಕೋಟುಗಳ ಗುಡ್ಡೆಯಿಂದ ಹೆಚ್ಚುಕಡಿಮೆ ಅಂಥದ್ದೇ ಒಂದು ಹೆಕ್ಕಿ ತಂದೆ.

ಬೆಂಡಿನ ಟೋಪಿ ಉಳಿಯಲಿಲ್ಲ. ನೀರಲ್ಲಿ ಬೆಳೆಯುವ ಸೋಲಾ ಗಿಡದ ಬೆಂಡಿನಿಂದ ಮಾಡಿದ್ದು, ಬೆಳ್ಳಿಹುಳ ಒಳಗಿನಿಂದ ತಿಂದು ಮುಗಿಸಿತ್ತು.

ಚೀಲಕ್ಕೆ ಮೇಣ ಹಾಕುವ ಕೆಲಸ ನನಗೆ ತುಂಬಾ ಇಷ್ಟವಾಯಿತು. ಮೊದಲು ಹಳೆಯ ಕಾಲದ ನಾವಿಕರು ಹಾಯಿಗೆ ಹಚ್ಚುತ್ತಿದ್ದ ಹಾಗೆ ಅಗಸೆ ಎಣ್ಣೆ ಹಚ್ಚಿ ನೋಡಿದೆ, ಒಂದು ಮೂಲೆಗೆ ಮಾತ್ರ. ಮೂರು ವಾರವಾದರೂ ಅಂಟು ಹೋಗಲಿಲ್ಲ, ಹಳದಿಯಾಯಿತು, ಹೆಂಡತಿ ಚೀಲವನ್ನು ಮೆಟ್ಟಿಲಿಗೆ ಸಾಗಿಸಿದಳು. ಇನ್ನೊಂದು ಮಾತು, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಿನ ಬಕೆಟ್ಟಿಗೆ ಹಾಕಿ.

ಎರಡನೇ ಸಲ ಮಹಾಬಳೇಶ್ವರದಿಂದ ತಂದ ಜೇನುಮೇಣ ಒಂದು ಪಾಲು, ಮೇಣದಬತ್ತಿಯ ಮೇಣ ಎರಡು ಪಾಲು. ನೇರ ಬೆಂಕಿಗೆ ಇಡಬಾರದು, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಸೋಪಿನ ಅಚ್ಚಿಗೆ ಹುಯ್ದು ಬಿಲ್ಲೆ ಮಾಡಿಕೊಂಡೆ. ಆ ಬಿಲ್ಲೆಯನ್ನು ಕ್ಯಾನ್ವಾಸಿನ ಮೇಲೆ ಸೀಮೆಸುಣ್ಣದ ಹಾಗೆ ಒತ್ತಿ ಉಜ್ಜುವುದು. ಬಿಳಿ ಬಿಳಿಯಾಗಿ ಕೂರುತ್ತದೆ. ಮೇಲೆ ಕೂದಲು ಒಣಗಿಸುವ ಡ್ರೈಯರ್ ಹಿಡಿದರೆ ಕಣ್ಣೆದುರೇ ಬಿಳಿ ಮಾಯವಾಗಿ ಬಟ್ಟೆ ಒದ್ದೆಯಾದ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಹೊಲಿಗೆಯ ಸಾಲಿಗೆ ಎರಡು ಸಲ ಹಾಕಿ, ನೀರು ಮೊದಲು ನುಗ್ಗುವುದು ಅಲ್ಲೇ. ಮೇಣ ಹಾಕಿದ ಮೇಲೆ ಬಿಸಿನೀರು, ಸೋಪು ಎರಡೂ ತಾಗಿಸಬಾರದು.

ಜುಲೈಯಲ್ಲಿ ಕೋಟು ಹಾಕಿ, ಚೀಲ ಹೆಗಲಿಗೇರಿಸಿ, ಕಾಲಿಗೆ ಪಟ್ಟಿ ಸುತ್ತಿ ಪುಣೆ ಹತ್ತಿರದ ತಾಮ್ಹಿಣಿ ಘಾಟಿಗೆ ನಡೆಯಲು ಹೋದೆ. ಒಂದೊಂದು ಪಟ್ಟಿ ಒಂಬತ್ತು ಅಡಿ. ಪಾದದ ಗಂಟಿನಿಂದ ಶುರು ಮಾಡಿ ಅರ್ಧರ್ಧ ಮೇಲೆ ಬರುವ ಹಾಗೆ ಸುತ್ತಿ ಮೊಣಕಾಲ ಕೆಳಗೆ ಕಟ್ಟಬೇಕು. ಬಿಗಿಯಾದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಸಡಿಲವಾದರೆ ಜಾರುತ್ತದೆ. ನಾಲ್ಕನೇ ಪ್ರಯತ್ನಕ್ಕೆ ಹದ ಸಿಕ್ಕಿತು. ಊರಲ್ಲಿ ಇಂಬಳಕ್ಕೆ (ಕಾಡಿನ ಜಿಗಣೆಗೆ) ಅಂತ ಇದರ ಮೇಲೆ ಹೊಗೆಸೊಪ್ಪು, ಸುಣ್ಣ ಉಜ್ಜುತ್ತಿದ್ದರು. ಚೀಲದೊಳಗೆ ಒಂದು ಹನಿ ನೀರು ಹೋಗಲಿಲ್ಲ. ಕೋಟಿನಲ್ಲಿ ನಡೆಯುವಾಗ ಸದ್ದೇ ಇಲ್ಲ. ಜೊತೆಗಿದ್ದವರ ರೈನ್‌ಕೋಟು ಹೆಜ್ಜೆಗೊಮ್ಮೆ ಸರಸರ ಅನ್ನುತ್ತಿತ್ತು. ಒಂದು ಮಲಬಾರ್ ಶಿಳ್ಳೆಹಕ್ಕಿ ಹತ್ತು ಮಾರು ದೂರದಲ್ಲಿ ಕೂತು ಪೂರ್ತಿ ಹಾಡು ಮುಗಿಸಿತು. ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು, ಹತ್ತಿ ಬಟ್ಟೆ ಒಂದು ಸಲ ತೊಯ್ದರೆ ಭಾರ, ಚಳಿ. ಮಧ್ಯಾಹ್ನದ ಹೊತ್ತಿಗೆ ನಾನು ನಡುಗುತ್ತಿದ್ದೆ. ಆಗ ಕಂಬಳಿ ನೆನಪಾಯಿತು. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ.

ಕಂಬಳಿ ಕೊಪ್ಪೆ ಹಾಕಿಕೊಂಡು ಕಾಡಿಗೆ ಹೋಗುತ್ತಿದ್ದವರು ಅಜ್ಜಯ್ಯ ಅಲ್ಲ. ಹಳು ನುಗ್ಗುವವರು. ಮುಳ್ಳು, ಇಂಬಳದ ನಡುವೆ ಬರಿಗಾಲಲ್ಲಿ ಕೂಗುತ್ತಾ ಹಂದಿಯನ್ನು ಎಬ್ಬಿಸಿ ತರುತ್ತಿದ್ದವರು ಅವರು, ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಹಂದಿ ಬರುವ ದಾರಿಗೆ ಕಾದು, ನಿಲ್ಲುತ್ತಿದ್ದವರು ಅಜ್ಜಯ್ಯನಂಥವರು. ಟ್ರಂಕಿನಲ್ಲಿ ಉಳಿದದ್ದೆಲ್ಲ ನಿಂತವರ ಸಾಮಾನು. ಓಡಿದವರದು ಒಂದೂ ಇಲ್ಲ. ಇದು ಹೊಳೆದ ಮೇಲೆ ನನಗೆ ಸಮಾಧಾನ ಇರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ, ಅಜ್ಜಯ್ಯನ ಜೊತೆ ಹಳು ನುಗ್ಗುತ್ತಿದ್ದ ಒಬ್ಬರ ಮನೆಗೆ ಹೋದೆ. ಅವರು ಇಲ್ಲ, ಮಗ ಇದ್ದಾರೆ, ನಮ್ಮಪ್ಪನ ವಯಸ್ಸು. ಖಾಲಿ ತೋಟೆ ತೋರಿಸಿದೆ. ಮೂಸಿ ನೋಡಿದರು. ಅಪ್ಪನ ಕಂಬಳಿ, ಗೊರಬು (ಮಳೆಗೆ ತಲೆ, ಬೆನ್ನಿಗೆ ಹೊದೆಯುವ ಎಲೆಯ ಹೊದಿಕೆ) ಏನಾದರೂ ಇದೆಯಾ ಅಂತ ಕೇಳಿದೆ. ಕಂಬಳಿ ಕರುವಿನ ಕೆಳಗೆ ಹಾಸಿ ಹಾಸಿ ಹೋಯಿತು, ಗೊರಬು ಗೆದ್ದಲು ತಿಂತು ಅಂದರು. ಸ್ವಲ್ಪ ಹೊತ್ತು ಬಿಟ್ಟು ಎದ್ದು, ತಮ್ಮ ಸೊಂಟದ ಹಗ್ಗ ಬಿಚ್ಚಿ, ಬೆನ್ನ ಹಿಂದೆ ಕತ್ತಿ ಸಿಕ್ಕಿಸುವ ಮರದ ಕೊಕ್ಕೆಯನ್ನು ನನ್ನ ಕೈಗೆ ಕೊಟ್ಟರು. "ಇದು ಅಪ್ಪಂದೇ. ಶಿಕಾರಿಗೂ ಇದೇ, ತೋಟಕ್ಕೂ ಇದೇ." ಕತ್ತಿ ಜಾರಿ ಜಾರಿ ಮರದಲ್ಲಿ ಒಂದು ಬೆರಳು ಆಳದ ಗೀರು ಬಿದ್ದಿತ್ತು, ಒಳಗೆಲ್ಲ ಗಾಜಿನ ಹಾಗೆ ನುಣುಪು. ಎಣ್ಣೆ ಬೇಕಿಲ್ಲ, ಮೇಣ ಬೇಕಿಲ್ಲ. ನನಗೆ ಕೊಡ್ತೀರಾ ಅಂತ ಕೇಳುವುದು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವರೇ ಕೈ ಚಾಚಿದರು.

"ಕೊಡಿ ಇಲ್ಲಿ, ಹೊತ್ತಾಯ್ತು. ಹಸುವಿಗೆ ಸೊಪ್ಪು ತರ್ಬೇಕು."