ತಪ್ಪು ಲೆಕ್ಕಕ್ಕೆ ನಾನು ಹಾಕಿದ ಟಿಕ್

ತಪಾಸಣೆಗೆ ಬಂದ ಅಧಿಕಾರಿ ಕೊನೆ ಬೆಂಚಿನಲ್ಲಿ ಒಬ್ಬ ಹುಡುಗನ ಪಕ್ಕ ಕೂತರು. ನಾನು ಬೋರ್ಡಿನ ಮೇಲೆ ಮೂರಂಕಿಯ ಕಳೆಯುವ ಲೆಕ್ಕ ಬಿಡಿಸುತ್ತಿದ್ದೆ. ಅವರು ಹುಡುಗನ ನೋಟ್‌ಬುಕ್ ತೆಗೆದು ಹಾಳೆ ತಿರುಗಿಸಿದರು. ಒಂದು ಪುಟಕ್ಕೆ ಬಂದಾಗ ಕೈ ನಿಂತಿತು.

ಆ ಪುಟದಲ್ಲಿ 403 - 187 = 384 ಅಂತ ಇತ್ತು. ಪಕ್ಕದಲ್ಲಿ ಕೆಂಪು ಶಾಯಿಯ ಟಿಕ್, ಕೆಳಗೆ ನನ್ನ ಸಹಿ.

ಸರಿ ಉತ್ತರ 216. ಹಿಂದಿನ ರಾತ್ರಿ ಕೂತು ಇಡೀ ತರಗತಿಯ ನೋಟ್‌ಬುಕ್‌ಗಳಿಗೆ ಒಂದೇ ಸಮನೆ ಸಹಿ ಹಾಕಿದ್ದೆ. ತಿಂಗಳಿಂದ ಬಾಕಿ ಉಳಿದಿದ್ದ ಕೆಲಸ ಅದು. ಲೆಕ್ಕ ನೋಡಿರಲಿಲ್ಲ, ಪುಟ ತುಂಬಿದೆಯಾ ಅಂತ ಮಾತ್ರ ನೋಡಿದ್ದೆ.

ಅವರು ನನಗೆ ಏನೂ ಹೇಳಲಿಲ್ಲ. ಹುಡುಗನನ್ನೇ ಕೇಳಿದರು: "ಇದನ್ನ ಹೇಗೆ ಮಾಡಿದೆ ಮರಿ, ಹೇಳ್ತೀಯಾ?"

ಅವನು ಸಂಕೋಚ ಇಲ್ಲದೆ ಹೇಳಿದ. "ದೊಡ್ಡದರಿಂದ ಚಿಕ್ಕದು ಕಳೀಬೇಕು ಸರ್. ಏಳರಲ್ಲಿ ಮೂರು ಹೋದ್ರೆ ನಾಲ್ಕು. ಎಂಟರಲ್ಲಿ ಸೊನ್ನೆ ಹೋದ್ರೆ ಎಂಟು. ನಾಲ್ಕರಲ್ಲಿ ಒಂದು ಹೋದ್ರೆ ಮೂರು."

"ದೊಡ್ಡದರಿಂದ ಚಿಕ್ಕದು ಕಳೆಯಬೇಕು" ಅನ್ನುವುದು ನನ್ನದೇ ಮಾತು. ವರ್ಷದ ಶುರುವಿನಲ್ಲಿ ಎಷ್ಟು ಸಲ ಹೇಳಿದ್ದೆನೋ. ನಾನು ಇಡೀ ಸಂಖ್ಯೆಯ ಬಗ್ಗೆ ಹೇಳಿದ್ದೆ. ಅವನು ಅದನ್ನು ಒಂದೊಂದು ಅಂಕಿಗೂ ಹಚ್ಚಿಕೊಂಡಿದ್ದ. ಮೇಲಿನ ಸಾಲು, ಕೆಳಗಿನ ಸಾಲು ಅಂತ ನೋಡದೆ, ಎಲ್ಲಿ ದೊಡ್ಡ ಅಂಕಿ ಇದೆಯೋ ಅಲ್ಲಿಂದ ಚಿಕ್ಕದನ್ನು ಕಳೆಯುತ್ತಾ ಬಂದಿದ್ದ. ಅವನ ಪುಟದಲ್ಲಿದ್ದ ಒಂಬತ್ತು ಲೆಕ್ಕಗಳನ್ನೂ ಆಮೇಲೆ ನೋಡಿದೆ. ಹತ್ತು ಬಿಡಿಸುವ, ಅಂದರೆ ಪಕ್ಕದ ಅಂಕಿಯಿಂದ ಸಾಲ ತರುವ ಅಗತ್ಯ ಇಲ್ಲದವು ಎಲ್ಲಾ ಸರಿ. ಅಗತ್ಯ ಇದ್ದವು ಎಲ್ಲಾ ತಪ್ಪು, ಅದೂ ಒಂದೇ ರೀತಿ ತಪ್ಪು. ಅವನು ಗಮನ ಕೊಡದ ಹುಡುಗ ಅಂತ ನಾನು ಅಂದುಕೊಂಡಿದ್ದೆ. ಆದರೆ ಅವನಷ್ಟು ನಿಷ್ಠೆಯಿಂದ ನನ್ನ ಮಾತು ಪಾಲಿಸಿದವರು ಆ ತರಗತಿಯಲ್ಲಿ ಇನ್ನೊಬ್ಬರಿರಲಿಲ್ಲ.

ಇದರ ಬಗ್ಗೆ ಆಮೇಲೆ ಓದಿದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅನ್ನುವ ಇಬ್ಬರು 1978 ರಲ್ಲಿ ಮಕ್ಕಳ ಲೆಕ್ಕದ ತಪ್ಪುಗಳ ಬಗ್ಗೆ ಒಂದು ಪ್ರಬಂಧ ಬರೆದಿದ್ದಾರೆ. ಮಕ್ಕಳ ಎಷ್ಟೋ ತಪ್ಪುಗಳು ಅಡ್ಡಾದಿಡ್ಡಿ ಆದವಲ್ಲ, ಮಗು ಒಂದು ತಪ್ಪು ಕ್ರಮವನ್ನು ಚಾಚೂ ತಪ್ಪದೆ ಪಾಲಿಸುತ್ತಿರುತ್ತದೆ ಅನ್ನುವುದು ಅದರ ಸಾರ. ಕಂಪ್ಯೂಟರ್ ಪ್ರೋಗ್ರಾಂನ ದೋಷಕ್ಕೆ ಹೇಳುವ ಹಾಗೆ ಇವನ್ನೂ ಅವರು 'ಬಗ್' ಅಂತಲೇ ಕರೆದರು. ನನ್ನ ಹುಡುಗನ ತಪ್ಪು ಅವುಗಳಲ್ಲಿ ತುಂಬಾ ಸಾಮಾನ್ಯವಾದದ್ದು.

ಮಾರನೇ ದಿನ ಏನು ಮಾಡಬೇಕು ಅಂತ ರಾತ್ರಿಯೆಲ್ಲಾ ಯೋಚಿಸಿದೆ. ಆ ಹುಡುಗನನ್ನು ಒಬ್ಬನನ್ನೇ ಕರೆದು ತಿದ್ದಿ ಕಳಿಸಬಹುದಿತ್ತು. ಅದು ಸಾಲದು ಅನ್ನಿಸಿತು. ತರಗತಿಗೆ ಹೋಗಿ ನಿಂತು ಹೇಳಿದೆ: "ನಾನು ನಿಮ್ಮ ನೋಟ್‌ಬುಕ್‌ಗಳನ್ನು ಸರಿಯಾಗಿ ನೋಡದೆ ಟಿಕ್ ಹಾಕಿದ್ದೀನಿ. ಅದು ನನ್ನ ತಪ್ಪು. ಎಲ್ಲರೂ ಒಂದು ಸಲ ನೋಡಿ, ತಪ್ಪು ಲೆಕ್ಕಕ್ಕೆ ಟಿಕ್ ಇದ್ದರೆ ನನಗೆ ತೋರಿಸಿ."

ಮೊದಲು ಯಾರೂ ಅಲುಗಾಡಲಿಲ್ಲ. ಆಮೇಲೆ ಒಬ್ಬಳು ಎದ್ದು ಬಂದಳು. "ಟೀಚರ್, ಇಲ್ಲೊಂದಿದೆ." ಅವಳ ಹಿಂದೆ ಇನ್ನಿಬ್ಬರು. ಸಂಜೆಯೊಳಗೆ ಹನ್ನೊಂದು ನೋಟ್‌ಬುಕ್ ನನ್ನ ಮೇಜಿನ ಮೇಲಿದ್ದವು. ತಮ್ಮ ತಪ್ಪನ್ನು ತಾವೇ ಹುಡುಕಿ ತಂದುಕೊಡುತ್ತಿದ್ದ ಮಕ್ಕಳ ಮುಖದಲ್ಲಿ ಭಯ ಇರಲಿಲ್ಲ. ಅಲ್ಲಿಯವರೆಗೆ ಅವರು ನನಗೆ ಉತ್ತರ ಒಪ್ಪಿಸುತ್ತಿದ್ದರು. ಅವತ್ತು ನನ್ನ ಜೊತೆ ಕೆಲಸ ಮಾಡಿದರು. ಮಕ್ಕಳ ಜೊತೆ ನನ್ನ ಒಡನಾಟ ನಿಜವಾಗಿ ಶುರುವಾದದ್ದು ಆ ದಿನ ಅಂತಲೇ ನಾನು ಲೆಕ್ಕ ಹಾಕುತ್ತೇನೆ.

ನೋಟ್‌ಬುಕ್ ತಿದ್ದುವ ರೀತಿ ಬದಲಾಯಿಸಿದೆ. ಎಲ್ಲವನ್ನೂ ಒಂದೇ ಸಲ ಗುಡ್ಡೆ ಹಾಕಿಕೊಂಡು ಕೂರುವುದನ್ನು ಬಿಟ್ಟೆ. ದಿನಕ್ಕೆ ಐದೇ ನೋಟ್‌ಬುಕ್, ಅದೂ ಮಕ್ಕಳು ಲೆಕ್ಕ ಮಾಡುತ್ತಿರುವಾಗ ಅವರ ಪಕ್ಕದಲ್ಲೇ ಕೂತು. ಕೇಳುವುದು ಒಂದೇ ಪ್ರಶ್ನೆ: "ಹೇಗೆ ಮಾಡಿದೆ, ತೋರಿಸು." ಮೊದಮೊದಲು ಉತ್ತರ ತಪ್ಪಿದ್ದಾಗ ಮಾತ್ರ ಕೇಳುತ್ತಿದ್ದೆ. ಮಕ್ಕಳು ಜಾಣರು, ಎರಡೇ ದಿನಕ್ಕೆ ಗೊತ್ತಾಯಿತು. ನಾನು "ಹೇಗೆ" ಅನ್ನುತ್ತಿದ್ದ ಹಾಗೇ ರಬ್ಬರ್ ತೆಗೆಯುತ್ತಿದ್ದರು. ಆಮೇಲೆ ಸರಿ ಉತ್ತರಕ್ಕೂ ಅದೇ ಪ್ರಶ್ನೆ ಕೇಳತೊಡಗಿದೆ. ಸರಿ ಉತ್ತರದ ಹಿಂದೆಯೂ ವಿಚಿತ್ರ ದಾರಿಗಳಿರುತ್ತವೆ, ಕೆಲವು ನನ್ನ ದಾರಿಗಿಂತ ಚೆನ್ನಾಗಿಯೂ ಇರುತ್ತವೆ. ಒಬ್ಬಳು 403 ರಿಂದ 187 ಕಳೆಯಲು 187 ರಿಂದ ಮೇಲೆ ಹತ್ತಿದ್ದಳು. 13 ಸೇರಿಸಿದರೆ 200, ಇನ್ನೂ 203 ಸೇರಿಸಿದರೆ 403, ಒಟ್ಟು 216. ಅದನ್ನು ಬೋರ್ಡಿನ ಮೇಲೆ ಅವಳ ಕೈಯಲ್ಲೇ ಬರೆಸಿದೆ.

ಕೊನೆ ಬೆಂಚಿನ ಹುಡುಗನಿಗೆ ಕಡ್ಡಿಗಳ ಕಟ್ಟು ಕೊಟ್ಟೆ. ನೂರರ ಕಟ್ಟು ನಾಲ್ಕು, ಬಿಡಿ ಕಡ್ಡಿ ಮೂರು. "ಇದರಲ್ಲಿ ಏಳು ಬಿಡಿ ಕಡ್ಡಿ ಕೊಡು" ಅಂದೆ. ಮೂರೇ ಇವೆ ಅಂದ. ಹತ್ತರ ಕಟ್ಟು ಬಿಚ್ಚೋಣ ಅಂದರೆ ಹತ್ತರ ಕಟ್ಟೇ ಇಲ್ಲ. ತುಂಬಾ ಹೊತ್ತು ಸುಮ್ನೆ ಕೂತ. ಆಮೇಲೆ ತಾನಾಗೇ ನೂರರ ಕಟ್ಟಿನ ದಾರ ಬಿಚ್ಚಿದ. ಒಳಗೆ ಹತ್ತರ ಹತ್ತು ಪುಟ್ಟ ಕಟ್ಟು. ಅದರಲ್ಲಿ ಒಂದನ್ನು ಮತ್ತೆ ಬಿಚ್ಚಿದ. ಈಗ ನೂರು ಮೂರು, ಹತ್ತು ಒಂಬತ್ತು, ಬಿಡಿ ಹದಿಮೂರು. "ಓ, ಸೊನ್ನೆ ಒಂಬತ್ತಾಗೋದು ಇದಕ್ಕಾ!" ಅಂದ. ಬೋರ್ಡಿನ ಮೇಲೆ ಸೊನ್ನೆ ಹೊಡೆದು ಒಂಬತ್ತು ಬರೆಯುವುದನ್ನು ಅವನು ಎಷ್ಟೋ ಸಲ ನೋಡಿದ್ದ, ಯಾಕೆ ಅಂತ ಯಾರೂ ತೋರಿಸಿರಲಿಲ್ಲ.

ಇನ್ನೊಂದು ಬದಲಾವಣೆ ಕಾಯುವುದು. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970 ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ತೋರಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು ಮಾತ್ರ. ಅದನ್ನು ಮೂರು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಮಾಡಿದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ. ಓದಲು ಸುಲಭ, ಮಾಡಲು ಕಷ್ಟ. ತರಗತಿಯ ಮುಂದೆ ನಿಂತಾಗ ಮೂರು ಸೆಕೆಂಡಿನ ಮೌನ ತುಂಬಾ ದೊಡ್ಡದು. ನಾನು ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಹಿಂದೆ ಯಾರೋ ಕೂತು ಬರೆದುಕೊಳ್ಳುತ್ತಿದ್ದರಂತೂ ಆ ಮೌನ ಇನ್ನೂ ಭಾರ. ಆದರೂ ಎಣಿಸುತ್ತೇನೆ, ನಾಲ್ಕಕ್ಕೆ ಏಳುವ ಕೈಗಳು ಒಂದಕ್ಕೆ ಎದ್ದವರ ಕೈಗಳಲ್ಲ ಅಂತ ನನಗೆ ಗೊತ್ತು.

ಯಾವುದಕ್ಕೂ ಸೊಪ್ಪು ಹಾಕದ ಮಕ್ಕಳೂ ಇರುತ್ತಾರೆ, ಅಲ್ವಾ? ಅಂಥ ಒಬ್ಬರನ್ನು ಆರಿಸಿಕೊಂಡು ಹತ್ತು ದಿನ ಬಿಡದೆ ದಿನಕ್ಕೆ ಎರಡು ನಿಮಿಷ ಪಾಠ ಬಿಟ್ಟು ಬೇರೆ ಏನಾದರೂ ಮಾತಾಡುತ್ತೇನೆ. ಈ ಪದ್ಧತಿ ಶಿಕ್ಷಕರ ನಡುವೆ ಬಳಕೆಯಲ್ಲಿ ಇರುವಂಥದ್ದೇ. ನಾಲ್ಕೈದು ದಿನ ಬರೀ "ಹೂಂ" ಬರುತ್ತದೆ, ಅಲ್ಲಿ ಬಿಟ್ಟುಬಿಡಬಾರದು. ಆ ಎರಡು ನಿಮಿಷದಲ್ಲಿ ಬುದ್ಧಿ ಹೇಳಲೂಬಾರದು. ಹೇಳಿದರೆ ಮಾರನೇ ದಿನ ಮತ್ತೆ ಒಂದರಿಂದ ಶುರು.

ಈಗ ತಪಾಸಣೆಯ ಮಾತು. ದಾಖಲೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಜರಿ, ಪಾಠ ಟಿಪ್ಪಣಿ, ಅಂಕಗಳ ವಹಿ ಇವನ್ನು ವಾರದ ಕೊನೆಯಲ್ಲಿ ಮುಗಿಸಿಬಿಡುತ್ತೇನೆ. ಪಾಠ ಟಿಪ್ಪಣಿಯ ಬಲಗಡೆ ಒಂದು ಪಟ್ಟಿ ಖಾಲಿ ಬಿಟ್ಟು, ಪಾಠ ಮುಗಿದ ಮೇಲೆ ಒಂದು ಸಾಲು ಬರೆಯುತ್ತೇನೆ: ಏನು ಅರ್ಥ ಆಗಲಿಲ್ಲ, ಯಾರಿಗೆ. ಮೊದಲು ಇದನ್ನು ತೋರಿಸಲು ಹೆದರುತ್ತಿದ್ದೆ, ನನ್ನ ಸೋಲನ್ನು ನಾನೇ ಬರೆದು ಕೊಟ್ಟ ಹಾಗೆ ಅಂತ. ಬಂದವರು ಜಾಸ್ತಿ ಹೊತ್ತು ಓದಿದ್ದು ಆ ಪಟ್ಟಿಯನ್ನೇ.

ತಪಾಸಣೆಗೆ ಅಂತ ಪಾಠದ ತಾಲೀಮು ಮಾಡುವುದಿಲ್ಲ. ಮಕ್ಕಳಿಗೆ ಮೊದಲೇ ಹೇಳುತ್ತೇನೆ: "ನಾಳೆ ಬರುವವರು ನನ್ನ ಕೆಲಸ ನೋಡಲು ಬರ್ತಾರೆ, ನಿಮ್ಮನ್ನು ಪರೀಕ್ಷೆ ಮಾಡಲು ಅಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ." ಇಷ್ಟು ಹೇಳಿದರೆ ಅವರ ಭುಜ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ಹೊಸ ಚಟುವಟಿಕೆ ಏನನ್ನೂ ಆ ದಿನ ಶುರು ಮಾಡುವುದಿಲ್ಲ. ಬಂದವರ ಕೈಗೆ ಪಾಠದ ಟಿಪ್ಪಣಿಯ ಜೊತೆ ಒಂದು ಚೀಟಿ ಕೊಡುತ್ತೇನೆ. ಇವತ್ತು ಮಕ್ಕಳು ಎಲ್ಲಿ ಎಡವಬಹುದು, ನಾನು ಯಾವ ಇಬ್ಬರನ್ನು ಗಮನಿಸುತ್ತಿದ್ದೇನೆ, ಎರಡೇ ಸಾಲು. ಆಗ ಅವರ ಕಣ್ಣು ಗೋಡೆಯ ಚಾರ್ಟ್ ಬಿಟ್ಟು ಮಕ್ಕಳ ಕಡೆ ಹೋಗುತ್ತದೆ.

ಒಮ್ಮೆ ಪಾಠ ನಡುವೆ ಕೆಟ್ಟಿತು. ಭಿನ್ನರಾಶಿ ಹೇಳುತ್ತಿದ್ದೆ, ಅರ್ಧ ತರಗತಿಗೆ ತಲೆಬುಡ ಗೊತ್ತಾಗಲಿಲ್ಲ. ಟಿಪ್ಪಣಿಯ ಪ್ರಕಾರ ಮುಂದೆ ಓಡುವ ಆಸೆ ಬಂತು, ಎದುರಿಗೆ ಅಧಿಕಾರಿ ಇದ್ದರು. ನಿಲ್ಲಿಸಿದೆ. ಬೋರ್ಡ್ ಒರೆಸಿ, ಎಲ್ಲರಿಗೂ ಒಂದೊಂದು ಕಾಗದ ಕೊಟ್ಟು ಮಡಿಸಲು ಹೇಳಿದೆ. ಪಾಠ ಅವತ್ತು ಮುಗಿಯಲಿಲ್ಲ. ಟಿಪ್ಪಣಿ ಪೂರ್ತಿಯಾಗಿಲ್ಲ ಅಂತ ಅವರು ಬರೆದರು, ಅದು ನಿಜ. ನಾನು ಕೆಳಗೆ ಕಾರಣ ಬರೆದು ಸಹಿ ಹಾಕಿದೆ. ನನಗೆ ಒಪ್ಪಿಗೆ ಆಗದ ಮಾತಿಗೆ ಮಕ್ಕಳ ಮುಂದೆ ವಾದ ಮಾಡುವುದಿಲ್ಲ. ಅದೇ ದಿನ, ಸಮಾಧಾನದಿಂದ, ಬರವಣಿಗೆಯಲ್ಲಿ ಕೊಡುತ್ತೇನೆ.

ಕೊನೆಗೆ ಅವರು ಹೊರಡುವ ಮುಂಚೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತೇನೆ: "ಯಾವ ಮಗು ಸುಮ್ನೆ ಕೂತಿತ್ತು ಸರ್, ನನಗೆ ಕಾಣದ್ದು ನಿಮಗೆ ಏನಾದರೂ ಕಂಡಿತಾ?" ಮುಂದೆ ನಿಂತವರಿಗೆ ಹಿಂದಿನದು ಕಾಣುವುದಿಲ್ಲ. ಅವರಿಗೆ ಕಾಣುತ್ತದೆ. ಬೇರೆ ಸಹೋದ್ಯೋಗಿಗಳಿಗೆ ನಾನು ಹೇಳುವುದು ಇದೊಂದನ್ನೇ, ಇದನ್ನು ಕೇಳದೆ ಅವರನ್ನು ಕಳಿಸಬೇಡಿ.

ಹೋದ ಸಲ ಒಬ್ಬರು ಸ್ವಲ್ಪ ಯೋಚಿಸಿ ಹೇಳಿದರು: "ಮೂರನೇ ಸಾಲಿನ ಕಿಟಕಿ ಪಕ್ಕದ ಹುಡುಗಿ. ನಲವತ್ತು ನಿಮಿಷದಲ್ಲಿ ಬರೆದದ್ದಕ್ಕಿಂತ ಅಳಿಸಿದ್ದೇ ಜಾಸ್ತಿ."

ಅವಳ ನೋಟ್‌ಬುಕ್ ಯಾವಾಗಲೂ ಅಚ್ಚುಕಟ್ಟು. ಒಂದೂ ತಪ್ಪಿಲ್ಲ. ಅವಳ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಮಾರನೇ ದಿನ ಪಕ್ಕದಲ್ಲಿ ಕೂತು ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ಅಳಿಸಿ ಅಳಿಸಿ ಕಾಗದ ಅಲ್ಲಲ್ಲಿ ತೆಳ್ಳಗಾಗಿತ್ತು. ಒಂದೊಂದು ಲೆಕ್ಕದ ಕೆಳಗೂ ಹಳೆಯ ಅಂಕಿಗಳ ಅಚ್ಚು.

"ರಬ್ಬರ್ ನನ್ನ ಹತ್ತಿರ ಇರಲಿ," ಅಂದೆ. "ತಪ್ಪಾದರೆ ಮೇಲೆ ಒಂದೇ ಗೆರೆ ಎಳಿ, ಪಕ್ಕದಲ್ಲಿ ಮತ್ತೆ ಮಾಡು. ನನಗೆ ನಿನ್ನ ಎಲ್ಲಾ ಲೆಕ್ಕವೂ ಬೇಕು."

ಅವಳು ರಬ್ಬರ್ ಕೊಡಲು ಎರಡು ದಿನ ತೆಗೆದುಕೊಂಡಳು. ಮೂರನೇ ದಿನ ಪುಟ ತಂದು ತೋರಿಸಿದಳು. ಅದರಲ್ಲಿ ನಾಲ್ಕು ಲೆಕ್ಕದ ಮೇಲೆ ಗೆರೆ ಇತ್ತು, ಸ್ಕೇಲ್ ಇಟ್ಟು ಎಳೆದ ನೇರ ಗೆರೆ. ಐದನೆಯದು ಸರಿ ಇತ್ತು. ನಾನು ಕೆಂಪು ಪೆನ್ನು ತೆಗೆದು, ಮೊದಲನೆಯದರಿಂದ ಒಂದೊಂದನ್ನೂ ಓದಲು ಶುರು ಮಾಡಿದೆ.